ಕುಂಕುಮ ಹಚ್ಚಿಸಿಕೊಂಡ ಪಾರ್ಸಲ್

ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ತೋರಿಸೋ ಗಾಜಿನ ಕೊಳವೆಯನ್ನ ನಮ್ಮ ಮಾಚೇನಹಳ್ಳಿ ವರ್ಕ್‌ಶಾಪಿನಿಂದ ಹಾವೇರಿಯ ಅಕ್ಕಿ ಗಿರಣಿಯೊಂದಕ್ಕೆ ಎರಡು ಸಲ ಕಳಿಸಿದ್ದೆ. ಎರಡು ಸಲವೂ ಪುಡಿಯಾಗಿ ತಲುಪಿತ್ತು. ಮೂರನೇ ಸಲ ಹಳೇ ಬನಿಯನ್ ಸುತ್ತಿ, ಪಿವಿಸಿ ಪೈಪಿನೊಳಗೆ ತೂರಿಸಿ, ಭತ್ತದ ಹೊಟ್ಟು ತುಂಬಿದೆ. ಮೇಲೆ ‘ಗಾಜು, ಜೋಪಾನ’ ಅಂತ ಬರೆಯೋಕೆ ಹೊರಟರೆ, ಭದ್ರಾವತಿಯಿಂದ ಬರೋ ಫಿಟ್ಟರ್ ಸೆಲ್ವಂ ಪೆನ್ನು ಕಿತ್ಕೊಂಡ.

“ಗಾಜು ಅಂದ್ರೆ ಯಾರು ಹೆದರ್ತಾರೆ ಸಾರ್? ದೇವರ ಪ್ರಸಾದ ಅಂತ ಬರೀರಿ. ಯಾರು ಎಸೀತಾರೆ ನೋಡೋಣ.”

ಬರೆದೆ. ಶಿವಮೊಗ್ಗದ ಅಂಚೆ ಕಚೇರಿ ಕೌಂಟರಿನ ಮೇಡಂ ಅದನ್ನ ಕಣ್ಣಿಗೆ ಒತ್ತಿಕೊಂಡರು.

“ಯಾವ ದೇವಸ್ಥಾನದ್ದು?”

“ಮಾಚೇನಹಳ್ಳಿದು.”

“ಇಂಡಸ್ಟ್ರಿಯಲ್ ಏರಿಯಾದಲ್ಲಾ?”

“ಒಳಗಡೆ ಇದೆ ಮೇಡಂ, ಸಣ್ಣದು” ಅಂದವನೇ ರಸೀದಿ ಕಿಸೆಗೆ ಹಾಕಿಕೊಂಡು ಓಡಿಬಂದೆ.

ನಾಲ್ಕನೇ ದಿನ ಗಿರಣಿ ಮಾಲೀಕರು ಫೋನ್ ಮಾಡಿದರು.

“ಗಾಜು ಒಡೆದಿಲ್ಲ ತಾನೇ ಸಾರ್?” ಅಂದೆ.

“ಬಿಚ್ಚಿದ್ರ ತಾನೇ ಗೊತ್ತಾಗೋದು! ನಮ್ಮವ್ವ ದೇವರ ಮನ್ಯಾಗ ಇಟ್ಟು ಕುಂಕುಮ ಹಚ್ಯಾಳ. ಶುಕ್ರವಾರ ಪೂಜಿ ಆಗೋತನಕ ಮುಟ್ಟಬ್ಯಾಡ ಅಂತಾಳ. ಇಲ್ಲಿ ಬಾಯ್ಲರ್ ನಿಂತೈತ್ರಿ!”

“ನಿಜ ಹೇಳಿಬಿಡಿ.”

“ಹೇಳಿದೆ. ಪ್ರಸಾದಕ್ಕ ಗಾಜು ಅಂತೀಯೇನೋ ಅಂತ ಬೈದಳು.”

ಶುಕ್ರವಾರ ಬಿಚ್ಚಿದಾಗ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಪ್ರಸಾದ ಎಲ್ಲಿ ಅಂತ ಅವ್ವ ಹಟ ಹಿಡಿದರಂತೆ. ಸರಿ, ಒಂದು ಡಬ್ಬಿ ಲಾಡು ಪ್ಯಾಕ್ ಮಾಡಿ, ಇದರ ಮೇಲೆ ಏನು ಬರೀಲಿ ಅಂತ ಸೆಲ್ವಂನ ಕೇಳಿದೆ.

“ಬಾಯ್ಲರ್ ಪಾರ್ಟು ಅಂತ ಬರೀರಿ ಸಾರ್. ಇಲ್ಲಾಂದ್ರೆ ದಾರೀಲೇ ಯಾರಾದ್ರೂ ತಿಂದುಬಿಡ್ತಾರೆ.”