ಏಳನೆಯ ಗಾಜು

ಪ್ರಯೋಗದ ಗಾಜು ಹಿಡಿದ ರೂಢಿಗೆ ಮೇಡಂ ಚಹಾದ ಬಸಿಯನ್ನೂ ಅಂಚಿನಲ್ಲೇ ಹಿಡಿಯುತ್ತಿದ್ದರು. ಹೆಬ್ಬೆರಳು, ತೋರುಬೆರಳುಗಳ ತುದಿಯಷ್ಟೇ ತಾಗಬೇಕು. ಗಾಜು ತೊಳೆಯುವ ಅಸಿಟೋನ್ ತಾಗಿ ತಾಗಿ ಆ ತುದಿಗಳು ಬೆಳ್ಳಗೆ ಒಡೆದಿದ್ದವು. ಆ ದಸರೆಯ ಖಂಡೇಪೂಜೆಯ ದಿನವೂ ಸೇಡಮ್ಮಿನ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಾಗೆಯೇ ನಿಂತು ಚಹಾ ಕುಡಿದರು. ಮಧ್ಯಾಹ್ನದ ರೈಲಿಗೆ ಹೈದರಾಬಾದಿಗೆ ಹೊರಡುವವರಿದ್ದರು. ನಮ್ಮಿಬ್ಬರ ಪಾಲಿಗೆ ಎಲ್ಲವೂ ಸರಿಯಿದ್ದ ಕೊನೆಯ ದಿನ ಅದು.

ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಹತ್ತನೆಯ ತರಗತಿ ಓದಿದ ಅಟೆಂಡರ್. ವಯಸ್ಸಿನಲ್ಲಿ ದೊಡ್ಡವಳೆಂದು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಅವರ ಪಿಎಚ್.ಡಿ. ಕೆಲಸಕ್ಕೆ ತಿಂಗಳಿಗೊಮ್ಮೆ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಲೇಸರ್ ಯಂತ್ರದ ಸರದಿ ಸಿಗುತ್ತಿತ್ತು. ಗಾಳಿ ತೆಗೆದ ಡಬ್ಬಿಯೊಳಗೆ ಲೇಸರ್ ಬೆಳಕು ಒಂದು ಬಿಲ್ಲೆಗೆ ಬಡಿಯುತ್ತದೆ. ಬಿಲ್ಲೆಯ ವಸ್ತು ಆವಿಯಾಗಿ ಎದ್ದು ಎದುರಿನ ಗಾಜಿನ ಮೇಲೆ ಪದರವಾಗಿ ಕೂರುತ್ತದೆ. ನಡುವೆ ಕಿಂಡಿ ಕೊರೆದ ತಗಡು ಇಟ್ಟರೆ, ರಂಗೋಲಿ ಅಚ್ಚಿನಂತೆ, ಬೇಕಾದ ಗೆರೆಗಳಷ್ಟೇ ಮೂಡುತ್ತವೆ. ಇದನ್ನೆಲ್ಲ ನನಗೆ ಅವರೇ ತಿಳಿಸಿ ಹೇಳಿದ್ದು. ಗಾಜು ತೊಳೆಯುವುದನ್ನೂ ಕಲಿಸಿ, ಆ ಕೆಲಸವನ್ನು ನನಗೆ ಬಿಟ್ಟಿದ್ದರು.

“ಕಣ್ಣಿಗಿ ಕಾಣಲಾರದ ಪದರಕ್ಕ ಇಷ್ಟು ತ್ರಾಸು ಯಾಕ್ರಿ ಮೇಡಂ?” ಎಂದು ಒಮ್ಮೆ ಕೇಳಿದ್ದೆ.

“ಕಂಡಿದ್ರ ಎಲ್ಲಾರೂ ಮಾಡ್ತಿದ್ರು ಅಕ್ಕಾ. ಮಾತು ಸಾಕು, ಇನ್ನೊಮ್ಮೆ ತೊಳೀರಿ.”

ಏಳು ಬೇರೆ ಬೇರೆ ದಪ್ಪದ ಪದರಗಳು ಬೇಕಿದ್ದವು. ಐದು ವರ್ಷದಲ್ಲಿ, ಕೆಟ್ಟವು ಬಿಟ್ಟು, ಆರು ಆಗಿದ್ದವು. ಏಳನೆಯದು ಬಂದರೆ ಪ್ರಬಂಧ ಮುಗಿಯುತ್ತಿತ್ತು.

ಉಪಕರಣಗಳ ಪೂಜೆಯೆಂದು ಆ ದಿನ ನಾನು ತಕ್ಕಡಿಗೆ, ಸೂಕ್ಷ್ಮದರ್ಶಕಕ್ಕೆ, ಬೀರುವಿಗೆ ವಿಭೂತಿ ಹಚ್ಚಿದೆ. ತೊಳೆದಿಟ್ಟ ಗಾಜುಗಳ ಡಬ್ಬಿಗೂ ಹಚ್ಚಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಈ ಸಲವಾದರೂ ಕೆಡದಿರಲಿ ಎಂದು ಮುಚ್ಚಳ ತೆಗೆದು, ಒಂದೊಂದು ಗಾಜಿಗೂ ಬೆರಳ ತುದಿಯಿಂದ ವಿಭೂತಿ ಮುಟ್ಟಿಸಿದೆ. ಮೇಡಂ ಕಂಡಾರೆಂದು ಸೆರಗಿನಿಂದ ಒರೆಸಿ ಮುಚ್ಚಿದೆ. ಅದೇ ಡಬ್ಬಿ ಅವರೊಂದಿಗೆ ಹೈದರಾಬಾದಿಗೆ ಹೋಯಿತು.

ದಸರಾ ರಜೆ ಮುಗಿದ ಮೇಲೆ ಅವರು ಅದರಲ್ಲಿನ ಒಂದು ಗಾಜನ್ನು ನನ್ನ ಮುಂದಿಟ್ಟರು. ಪದರ ಗಾಜಿಗೆ ಅಂಟದೆ ಹಪ್ಪಳದಂತೆ ಎದ್ದಿತ್ತು.

“ಅಕ್ಕಾ, ಖರೇ ಹೇಳ್ರಿ. ಇದಕ್ಕ ಏನು ತಾಗ್ಯಾದ?”

ಹೇಳಿದೆ. ಸೆರಗಿನ ವಿಷಯವನ್ನೂ ಹೇಳಿದೆ. ಅವರು ಗಾಜನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ, “ಮೊದಲೇ ದೇವರನ್ನ ತಂದು ಕುಂದ್ರಿಸೀರಿ. ನನ್ನ ಪದರಕ್ಕ ಜಾಗ ಎಲ್ಲಿ ಸಿಗಬೇಕ್ರಿ ಅಕ್ಕಾ?” ಎಂದು ನಕ್ಕರು. ನಾನು ಅತ್ತೆ. “ಅಳಬ್ಯಾಡ್ರಿ. ಮುಂದಿನ ತಿಂಗಳು ಸರದಿ ಅದ,” ಎಂದರು. ಹೈದರಾಬಾದಿನಲ್ಲಿದ್ದ ತಮ್ಮ ಪಿಎಚ್.ಡಿ. ಗುರುಗಳಿಗೆ ತಾವೇ ಗಾಜು ಸರಿಯಾಗಿ ತೊಳೆದಿರಲಿಲ್ಲವೆಂದು ಪತ್ರ ಬರೆದರು. ಟಪಾಲಿಗೆ ಹಾಕಲು ಅದನ್ನು ನನ್ನ ಕೈಗೇ ಕೊಟ್ಟರು.

ಮುಂದಿನ ಸರದಿಗೆ ಎಂಟು ದಿನವಿದ್ದಾಗ ಮೇಡಂಗೆ ಜ್ವರ ಬಂತು. ಮೆದುಳಿಗೆ ಏರಿದೆ ಎಂದು ಗುಲಬರ್ಗಾದ ಆಸ್ಪತ್ರೆಗೆ ಒಯ್ದರು. ನಾನು ಹೋದಾಗ ಎಚ್ಚರವಿತ್ತು.

“ಗಾಜು ತೊಳದಿಟ್ಟೀರಿ?”

“ತೊಳದೀನ್ರಿ. ಬಟ್ಟಿ ಸುದ್ದಾ ಮುಟ್ಟಿಸಿಲ್ಲ.”

“ದೇವರಿಗಿ ಹೇಳ್ರಿ, ಈ ಸಲ ಹೊರಗೇ ಕುಂದ್ರಂತ.”

ಮೂರನೆಯ ದಿನ ತೀರಿಕೊಂಡರು. ನಲವತ್ತೂ ತುಂಬಿರಲಿಲ್ಲ.

ನಿನ್ನಿಂದ ಏನೂ ಆಗಿಲ್ಲ ಎಂದು ಎಲ್ಲರೂ ಹೇಳಿದರು. ಜ್ವರ ನನ್ನಿಂದ ಬಂದದ್ದಲ್ಲ, ಅದು ನನಗೂ ಗೊತ್ತು. ಆದರೆ ಆ ದಸರೆಯಲ್ಲೇ ಮುಗಿಯಬೇಕಿದ್ದ ಕೆಲಸ ನಿಂತದ್ದು ನನ್ನಿಂದ. ಅರ್ಧ ಪ್ರಬಂಧಕ್ಕೆ ಪದವಿ ಇಲ್ಲವೆಂದು ಗುರುಗಳು ಅವರ ನೋಟ್‌ಬುಕ್ಕನ್ನು ಕಾಲೇಜಿಗೆ ಕಳಿಸಿದರು. ಅದು ಬೀರುವಿನಲ್ಲಿದೆ. ಧೂಳು ಒರೆಸುವಾಗ ಒಮ್ಮೊಮ್ಮೆ ತೆರೆಯುತ್ತೇನೆ. ಆರು ಪದರಗಳ ಲೆಕ್ಕ ಅವರ ದುಂಡು ಅಕ್ಷರದಲ್ಲಿ ತುಂಬಿದೆ. ಏಳನೆಯ ಸಾಲಿನಲ್ಲಿ ದಪ್ಪ ಎಷ್ಟಿರಬೇಕೆಂದಷ್ಟೇ ಬರೆದಿದ್ದಾರೆ. ಅದರ ಮುಂದೆ ಏನೂ ಇಲ್ಲ.