ಓಡುತ್ತೆ, ಕುಂಟುತ್ತೆ, ಓಡಲ್ಲ

ಬೆಳಗಿನ ಐದು ಗಂಟೆ. ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಒಲೆಗೂ ಕಿಟಕಿಗೂ ನಡುವೆ ತುರುಕಿದ ಮೇಜಿನ ಮುಂದೆ ಕೂತು, ಐವತ್ತಮೂರು ವರ್ಷದ ಹೆಂಗಸೊಬ್ಬರು ಆಗಲೇ ಮೂರು ಸಲ ಸತ್ತಿದ್ದಾರೆ. ಗಾಬರಿ ಬೇಡ, ಸತ್ತದ್ದು ಕಂಪ್ಯೂಟರ್ ಪರದೆಯ ಮೇಲೆ. ಕತ್ತಿ ಹಿರಿದ ದೈತ್ಯನೊಬ್ಬ ಬಂದ, ಇವರು ಓಡಿಹೋಗುವುದು ಬಿಟ್ಟು ಗೋಡೆಗೆ ಡಿಕ್ಕಿ ಹೊಡೆದು ನಿಂತರು, ಅವನು ಒಂದೇ ಏಟಿಗೆ ಮುಗಿಸಿದ. ಕನ್ನಡಕವನ್ನು ಹಣೆಗೇರಿಸಿ, ಪಕ್ಕದ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಾರೆ: ‘ಸತ್ತೆ. ಶಬ್ದ ಸರಿಯಾಗಿ ಬಂತು. ನೆರಳು ನಡುಗುತ್ತದೆ.’

“ನಂಗೆ ಆಟ ಅಂದ್ರೆ ಒಂಚೂರೂ ಆಗಲ್ಲ, ತಲೆ ತಿರುಗುತ್ತೆ. ಆದ್ರೆ ಯಾರಾದ್ರೂ ಒಬ್ರು ಮೊದಲು ಸತ್ತು ನೋಡ್ಬೇಕಲ್ಲ?” ಎನ್ನುತ್ತಾರೆ. ಹೇಳುವಾಗ ಮುಖದಲ್ಲಿ ನಗುವಿಲ್ಲ.

ಈಕೆಯನ್ನು ಎಲ್ಲರೂ ಕರೆಯುವುದು ಸೂಜಿ ಅಕ್ಕ ಎಂದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ಕೆಲಸ. ಸೇರಿದಾಗ ಹರಿದ ಹೊದಿಕೆಗೆ ತೇಪೆ ಹಾಕುತ್ತಿದ್ದರು, ಆ ಹೆಸರು ಆಗ ಅಂಟಿದ್ದು. ಈಗ ಇಸ್ತ್ರಿ ಮಾಡುವ ಬಿಸಿ ಉರುಳೆಗೆ ದಿನಕ್ಕೆ ಏಳುನೂರು ಹಾಸುಬಟ್ಟೆ ಉಣಿಸುತ್ತಾರೆ. ಅದು ಹೊಟ್ಟೆಪಾಡು. ಇನ್ನೊಂದು ಕೆಲಸಕ್ಕೆ ಸಂಬಳವೂ ಇಲ್ಲ, ರಜೆಯೂ ಇಲ್ಲ, ಅಂಥದ್ದೊಂದು ಕೆಲಸ ಇದೆ ಎಂಬುದೇ ಜೊತೆಯಲ್ಲಿ ದುಡಿಯುವ ಬಹುಪಾಲು ಜನಕ್ಕೆ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಕಂಪ್ಯೂಟರ್ ಆಟಗಳು ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಯ ಮೇಲೆ ಓಡುತ್ತವೋ ಇಲ್ಲವೋ ಎಂದು ಪರೀಕ್ಷಿಸಿ, ಎಲ್ಲರೂ ಓದುವ ಒಂದು ಜಾಲತಾಣದಲ್ಲಿ ವರದಿ ಬರೆಯುವುದು ಆ ಕೆಲಸ.

ಮುಕ್ತ ವ್ಯವಸ್ಥೆಯೆಂದರೆ ಯಾರು ಬೇಕಾದರೂ ಒಳಗೆ ಇಣುಕಿ, ಬಿಚ್ಚಿ, ರಿಪೇರಿ ಮಾಡಿ, ಪಕ್ಕದವರಿಗೂ ಕೊಡಬಹುದಾದದ್ದು. ಬಹಳಷ್ಟು ಆಟಗಳನ್ನು ಅದಕ್ಕಾಗಿ ಬರೆದಿಲ್ಲ. ಆಟ ಒಂದು ಭಾಷೆಯಲ್ಲಿ ಕೇಳುತ್ತದೆ, ಯಂತ್ರಕ್ಕೆ ತಿಳಿಯುವುದು ಇನ್ನೊಂದು ಭಾಷೆ. ನಡುವೆ ದುಭಾಷಿಯ ಹಾಗೆ ಒಂದು ತಂತ್ರಾಂಶ ಕೂತು ಹೇಳಿದ್ದನ್ನೆಲ್ಲ ತಿರುಗಿಸಿ ಹೇಳುತ್ತಿರುತ್ತದೆ. ಆ ದುಭಾಷಿ ಎಲ್ಲಿ ತೊದಲಿತು, ಎಲ್ಲಿ ಬಾಯಿ ಮುಚ್ಚಿತು, ಏನು ಮಾಡಿದರೆ ಮತ್ತೆ ಮಾತಾಡಿತು, ಇದನ್ನು ಕಂಡುಹಿಡಿಯಬೇಕು. ಒಂದು ಆಟಕ್ಕೆ ನಲವತ್ತು ನಿಮಿಷ, ಬೆಳಗ್ಗೆ ಏಳರೊಳಗೆ ಎರಡು ಆಟ, ಒಂದೊಂದನ್ನೂ ಮೂರು ನಾಲ್ಕು ಬೆಳಗು ನೋಡಿದ ಮೇಲೇ ವರದಿ. ಹನ್ನೊಂದು ವರ್ಷದಲ್ಲಿ ಬರೆದ ವರದಿಗಳು ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು. ದೇಶ ದೇಶಗಳ ಹುಡುಗರು ‘ಸೂಜಿ ಹೇಳಿದರೆ ಮುಗಿಯಿತು’ ಎಂದು ಬರೆಯುತ್ತಾರೆ. ಸೂಜಿ ಎಂದರೆ ಇಪ್ಪತ್ತರ ತರುಣನೆಂದು ಅವರ ಲೆಕ್ಕ. ಪಾಪ, ಹಾಗೇ ಇರಲಿ.

ಎಲ್ಲರೂ ಚಿನ್ನ, ಬೆಳ್ಳಿ ಎಂದು ದರ್ಜೆ ಕೊಟ್ಟರೆ ಸೂಜಿ ಅಕ್ಕ ಕೊಡುವ ತೀರ್ಪು ಮೂರೇ: ಓಡುತ್ತದೆ, ಕುಂಟುತ್ತದೆ, ಓಡುವುದಿಲ್ಲ. ಈ ಮಾತುಗಳನ್ನು ಮನೆಯಲ್ಲಿ ಜೋರಾಗಿ ಹೇಳಲು ಮೊದಮೊದಲು ಅವರಿಗೆ ಸಂಕೋಚವಾಗುತ್ತಿತ್ತು. ಆ ಸಂಕೋಚ ಬಿಡಿಸಿದವನು ಎದ್ದು ನಡೆಯಲಾಗದ ತಮ್ಮನೇ. “ಅಕ್ಕಾ, ನಂದೂ ಒಂದು ವರದಿ ಬರಿ. ಓಡಲ್ಲ, ಆದ್ರೆ ಶಬ್ದ ಚೆನ್ನಾಗಿ ಬರುತ್ತೆ ಅಂತ!” ಎಂದು ಹಾಸಿಗೆಯಿಂದ ಕೂಗಿದ್ದನಂತೆ. ಅಕ್ಕ ತಮ್ಮ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಗ ಆ ಮನೆಯಲ್ಲಿ ನಗು ಇತ್ತು.

ತಮ್ಮನಿಗೆ ನಲವತ್ತನಾಲ್ಕು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಹದಿಮೂರು ವರ್ಷದ ಹಿಂದೆ ಸಾರುವೆ ಮುರಿದು ಐದನೇ ಮಹಡಿಯಿಂದ ಬಿದ್ದ. ಜೀವ ಉಳಿಯಿತು, ಕತ್ತಿನಿಂದ ಕೆಳಗೆ ಅಲುಗುವುದು ಎಡಗೈಯ ಎರಡು ಬೆರಳು ಮಾತ್ರ, ಅವಕ್ಕೂ ಗುಂಡಿ ಒತ್ತುವಷ್ಟು ಬಲವಿಲ್ಲ. ಹಗಲಿಡೀ ಸೂರು ನೋಡುವುದು, ಅದೇ ಬದುಕು. ಸೂರಿನ ಬಣ್ಣವನ್ನು ಯಾರೋ ಅಡ್ಡಾದಿಡ್ಡಿ ಬಳಿದಿದ್ದಾರೆಂದು ಅವನ ಸಿಟ್ಟು ಬೇರೆ. ಅಕ್ಕ ಕೆಲಸಕ್ಕೆ ಹೋದಾಗ ಎದುರು ಮನೆಯ ನಿವೃತ್ತ ದಾದಿ ಬಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹೋಗುತ್ತಾರೆ.

ಬಿದ್ದ ಎರಡನೇ ವರ್ಷ ಆಸ್ಪತ್ರೆಯ ಉಗ್ರಾಣದಲ್ಲಿ ಅಕ್ಕನ ಕಣ್ಣಿಗೆ ಒಂದು ಕಡ್ಡಿ ಬಿತ್ತು. ಬೆರಳುದ್ದದ್ದು, ತುದಿಗೊಂದು ರಬ್ಬರ್ ಬಿರಡೆ. ಗದ್ದದಿಂದ ಒತ್ತಿ ಕಂಪ್ಯೂಟರ್ ನಡೆಸುವ ಸಾಧನ. ಮಾಡಿದ ಕಂಪನಿ ಬಾಗಿಲು ಮುಚ್ಚಿ ಯಾವ ಕಾಲವೋ ಆಗಿತ್ತು. ಕಾಸು ಕೊಟ್ಟು ಕೊಳ್ಳುವ ಹೊಸ ವ್ಯವಸ್ಥೆಗಳಿಗೆ ಅದರ ಗುರುತೇ ಹತ್ತಲಿಲ್ಲ. ಮುಕ್ತ ವ್ಯವಸ್ಥೆಯಲ್ಲಿ ಮಾತ್ರ, ಎಲ್ಲಿಯೋ ಕೂತ ಪುಣ್ಯಾತ್ಮನೊಬ್ಬ ಅದಕ್ಕೆಂದು ಚಾಲಕ ತಂತ್ರಾಂಶ ಬರೆದಿಟ್ಟಿದ್ದ. ಕತ್ತು ಆಡಿಸಿದರೆ ತಮ್ಮನ ಗದ್ದ ಸರಿಯುವುದು ಅಕ್ಕಿ ಕಾಳಿನಷ್ಟು. ಅಷ್ಟಕ್ಕೇ ಕಡ್ಡಿ ಓಗೊಡುವಂತೆ ಅಕ್ಕ ಆರು ತಿಂಗಳು ಹೆಣಗಿದರು. ಕಂಪ್ಯೂಟರ್ ಎಂದರೆ ಗುಂಡಿ ಒತ್ತುವುದು ಎಂದಷ್ಟೇ ಗೊತ್ತಿದ್ದವರು ಕೇಳಿ ಕೇಳಿ, ಬೈಸಿಕೊಂಡು ಕಲಿತರು. ಪುನರ್ವಸತಿ ಕೇಂದ್ರದಲ್ಲಿ ಬೇರೆ ನಾಲ್ಕು ಸಾಧನ ಕೊಟ್ಟು ನೋಡಿದ್ದಾರೆ, ಒಂದೂ ಅವನ ಗದ್ದಕ್ಕೆ ಬಗ್ಗಲಿಲ್ಲ. “ಅವನಿಗೂ ಪರದೆಗೂ ಮಧ್ಯೆ ಇರೋದು ಆ ಕಡ್ಡಿ ಒಂದೇ” ಎನ್ನುತ್ತಾರೆ ಅಕ್ಕ.

ಆ ಕಡ್ಡಿ ಹಿಡಿದು ತಮ್ಮ ಹಡಗು ಹತ್ತಿದ. ಐದು ಜನ ಸೇರಿ ಒಂದು ಹಡಗು ನಡೆಸುವ ಆಟ. ಒಬ್ಬ ಹಾಯಿ ಕಟ್ಟಬೇಕು, ಒಬ್ಬ ನೀರು ತೋಡಿ ಹೊರಚೆಲ್ಲಬೇಕು, ಒಬ್ಬ ಚುಕ್ಕಾಣಿ ಹಿಡಿಯಬೇಕು. ಬಲಕ್ಕೆ ಎಡಕ್ಕೆ ತಿರುಗಿಸುವುದಷ್ಟೇ ಇರುವುದರಿಂದ ಚುಕ್ಕಾಣಿ ಇವನ ಪಾಲಿಗೆ ಬಂತು. ಎಂಟು ವರ್ಷ ದಿನಾ ಸಂಜೆ ಆರರಿಂದ ಎಂಟು. ಬೇರೆ ಬೇರೆ ದೇಶದ ನಾಲ್ವರು ಇವನನ್ನು ಕ್ಯಾಪ್ಟನ್ ಎನ್ನುತ್ತಾರೆ. ಬಿರುಗಾಳಿ ಬಂದರೆ ಇವನ ಮಾತಿಗೆ ಕಾಯುತ್ತಾರೆ. ಇವನು ಹಾಸಿಗೆ ಹಿಡಿದವನೆಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. “ಹಡಗಲ್ಲಿ ನನ್ನನ್ನ ಯಾರೂ ಪಾಪ ಅನ್ನಲ್ಲ ಅಕ್ಕಾ” ಎಂದಿದ್ದನಂತೆ ಒಮ್ಮೆ.

ಅಂಥ ಹಡಗಿಗೆ ಕಾವಲುಗಾರ ಬಂದ. ಮೋಸ ಮಾಡಿ ಗೆಲ್ಲುವವರು ಹೆಚ್ಚಾದರೆಂದು ಆಟದ ಕಂಪನಿ ಒಂದು ಕಾವಲು ತಂತ್ರಾಂಶ ತಂದಿತು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಕಂಪ್ಯೂಟರನ್ನೂ ತಡಕಿ ನೋಡುವುದು ಅದರ ಕೆಲಸ. ಮುಕ್ತ ವ್ಯವಸ್ಥೆ ಕಂಡರೆ ವಿಚಾರಣೆಯೇ ಇಲ್ಲ, ಹೊರಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೋಸ ಮಾಡಲು ಇವನಿಗೆ ಕೈಯಾದರೂ ಬೇಡವೇ? ಅಕ್ಕ ಮೂರು ವಾರದ ಬೆಳಗುಗಳನ್ನು ಅದಕ್ಕೇ ಸುರಿದರು. ಕೊನೆಗೆ ಸಿಕ್ಕಿತು. ದುಭಾಷಿಯ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಕಾವಲುಗಾರ ತಕರಾರಿಲ್ಲದೆ ಒಳಗೆ ಬಿಡುತ್ತಿದ್ದ. ತಮ್ಮ ಮತ್ತೆ ಚುಕ್ಕಾಣಿ ಹಿಡಿದ. ಹದಿನಾಲ್ಕು ತಿಂಗಳು ಹಡಗು ತೇಲಿತು.

ಪುರವಣಿಗೆ ಬರೆಯಲೆಂದು ಬಂದವರಿಗೆ ಇಷ್ಟನ್ನು ಮನೆಯಲ್ಲಿ ಹೇಳಿದ ಅಕ್ಕ, ಮುಂದಿನದಕ್ಕೆ ಆಸ್ಪತ್ರೆಗೆ ಬರಲು ಹೇಳುತ್ತಾರೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರಗಳ ಸದ್ದಿಗೆ, ಕಿವಿಯ ಹತ್ತಿರ ಬಂದು ಹೇಳಿದರಷ್ಟೇ ಮಾತು ಕೇಳುತ್ತದೆ. ಉರುಳೆಯ ಇನ್ನೊಂದು ತುದಿಯಲ್ಲಿ ಹಾಸುಬಟ್ಟೆ ಮಡಿಸುವ ಗೆಳತಿ, “ಇವಳು ಹತ್ತೊಂಬತ್ತು ದಿನದಿಂದ ಊಟದ ಡಬ್ಬಿ ಬಿಚ್ಚಿದ್ದು ನಾನು ನೋಡಿಲ್ಲ, ಕೇಳಿದ್ರೆ ಗ್ಯಾಸು ಅಂತಾಳೆ” ಎಂದು ದೂರು ಕೊಟ್ಟು ಹೋಗುತ್ತಾಳೆ. ಅವಳು ಅತ್ತ ಹೋದ ಮೇಲೆ ಅಕ್ಕ ಬಾಯಿ ಬಿಡುತ್ತಾರೆ.

ವರದಿ ಬರೆಯುವವರಲ್ಲಿ ಒಂದು ಕಟ್ಟಳೆ ಇದೆ. ಓಡುತ್ತದೆ ಎಂದರೆ ಸಾಲದು, ಹೇಗೆ ಓಡಿಸಿದೆ ಎಂದು ಚಾಚೂ ತಪ್ಪದೆ ಬರೆಯಬೇಕು, ಇನ್ನೊಬ್ಬರು ಅದನ್ನೇ ಮಾಡಿ ನೋಡುವಂತಿರಬೇಕು. ಹನ್ನೊಂದು ವರ್ಷ ಅಕ್ಕ ಇದನ್ನು ವ್ರತದ ಹಾಗೆ ನಡೆಸಿದರು. ಹಡಗಿನ ಆಟದ ವಿಷಯದಲ್ಲಿ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದರು. ಜಾಲತಾಣವನ್ನು ಕಂಪನಿಯವರೂ ಓದುತ್ತಾರೆಂಬ ಅಳುಕು. ಅಷ್ಟರಲ್ಲಿ ಗುರುತಿಲ್ಲದವರೊಬ್ಬರ ಪತ್ರ ಬಂತು. ನನ್ನ ಹೆಂಡತಿಗೆ ಕೈಕಾಲು ಬಿದ್ದುಹೋಗಿವೆ, ಆ ಆಟದ ಇನ್ನೊಂದು ಹಡಗಿನಲ್ಲಿ ಅವಳ ಅಣ್ಣಂದಿರು ಇದ್ದಾರೆ, ಕಾವಲುಗಾರ ಬಿಡುತ್ತಿಲ್ಲ, ಸೂಜಿಗೆ ಏನಾದರೂ ಗೊತ್ತೇ ಎಂದು.

“ನಮ್ಮನೇದೇ ಕಥೆ ಅದು. ಹೇಗೆ ಸುಮ್ನಿರ್ಲಿ? ಅವರೊಬ್ಬರಿಗೇ ಗುಟ್ಟಾಗಿ ಹೇಳಿದ್ರೆ ಆಗ್ತಿತ್ತು. ಎರಡು ಸಾಲು ಸಾಕಿತ್ತು. ಆದ್ರೆ ಇಷ್ಟು ದಿನ ಮುಚ್ಚಿಟ್ನಲ್ಲ, ಇವರ ಹಾಗೆ ಇನ್ನೆಷ್ಟು ಜನ ಬಾಗಿಲಲ್ಲಿ ನಿಂತಿದ್ರೋ ಅಂತ ನಾಚಿಕೆ ಆಯ್ತು. ಕೂತು ನೀಟಾಗಿ ವರದಿ ಬರೆದುಬಿಟ್ಟೆ. ಆ ಸಾಲು, ಅದನ್ನ ಎಲ್ಲಿ ಹಾಕ್ಬೇಕು, ಎಲ್ಲಾ. ಕೆಳಗೆ ‘ಓಡುತ್ತದೆ’ ಅಂತ.”

ಒಂಬತ್ತನೇ ದಿನ ಕಂಪನಿಯ ಪ್ರಕಟಣೆ ಬಂತು: ‘ಮುಕ್ತ ವ್ಯವಸ್ಥೆಗಳ ಮೂಲಕ ಒಳಬರಲು ಎಡೆಮಾಡಿದ್ದ ಲೋಪವನ್ನು ಸರಿಪಡಿಸಲಾಗಿದೆ. ಮಾಹಿತಿ ಒದಗಿಸಿದ ಸಮುದಾಯಕ್ಕೆ ಧನ್ಯವಾದಗಳು.’ ಧನ್ಯವಾದಗಳು! ಅಯ್ಯೋ, ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅಂದು ಸಂಜೆ ಆರಕ್ಕೆ ತಮ್ಮನ ಗದ್ದ ಕಡ್ಡಿಗೆ ತಾಗಿತು, ಪರದೆಯ ಮೇಲೆ ‘ಪ್ರವೇಶವಿಲ್ಲ’ ಎಂದು ಬಂತು. ಆ ಗುರುತಿಲ್ಲದ ಗಂಡನೂ ಒಂದು ಸಾಲು ಬರೆದರು: ‘ಒಂಬತ್ತು ದಿನ ಆಡಿದಳು, ನಿಮ್ಮ ಋಣ ದೊಡ್ಡದು.’ ಅದನ್ನು ಓದಿ ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

“ನಮ್ಮಮ್ಮ ಇದ್ದಿದ್ರೆ ಒಂದೇ ಮಾತಲ್ಲಿ ಹೇಳೋಳು, ಊರಿಗೆ ಉಪಕಾರಿ ಮನೆಗೆ ಮಾರಿ ಅಂತ. ಬರೀಬಾರ್ದಿತ್ತು ಅಂತ ಹೇಗೆ ಹೇಳ್ಲಿ? ಬರೆದದ್ದು ಸರಿ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಅಂದಿನಿಂದ ಇಂದಿಗೆ ಹತ್ತೊಂಬತ್ತು ದಿನ. ಅಕ್ಕ ದಿನಾ ಬೆಳಗಿನ ಹೊತ್ತು ಆ ಬಾಗಿಲನ್ನು ಇನ್ನೂರಕ್ಕೂ ಹೆಚ್ಚು ರೀತಿಯಲ್ಲಿ ತಟ್ಟಿ ನೋಡಿದ್ದಾರೆ. ಕಂಪನಿಗೆ ನಾಲ್ಕು ಪತ್ರ ಬರೆದರು. ತಮ್ಮನ ಸ್ಥಿತಿ, ಕಡ್ಡಿಯ ಫೋಟೋ, ಆಸ್ಪತ್ರೆಯ ಚೀಟಿ, ಎಲ್ಲ ಕಳಿಸಿದರು. ನಾಲ್ಕಕ್ಕೂ ಒಂದೇ ಉತ್ತರ ಬಂತು, ಅಕ್ಷರವೂ ಆಚೀಚೆಯಿಲ್ಲ: ‘ದಯವಿಟ್ಟು ಬೆಂಬಲಿತ ವ್ಯವಸ್ಥೆಯನ್ನು ಬಳಸಿ.’ ಓದಿದ್ದು ಮನುಷ್ಯನೋ ಯಂತ್ರವೋ ಯಾರಿಗೆ ಗೊತ್ತು! ಬೇರೆ ಹಡಗಿನ ಆಟಗಳೂ ಇವೆ. ಮೂವತ್ತೊಂದನ್ನು ಪರೀಕ್ಷಿಸಿ, ಚೆನ್ನಾಗಿ ಓಡುವ ಎರಡನ್ನು ತಮ್ಮನ ಮುಂದಿಟ್ಟರು. ಅವನು ಒಂದು ನಿಮಿಷ ನೋಡಿ, “ಹಡಗು ಸಿಗುತ್ತೆ ಅಕ್ಕಾ, ಜನಾನ ಎಲ್ಲಿಂದ ತರ್ತೀಯ?” ಎಂದ.

ಅಷ್ಟೇ, ಆಮೇಲೆ ಅವನು ಮಾತಾಡಿದ್ದು ಕಡಿಮೆ. ಊಟ ನಾಲ್ಕು ಚಮಚಕ್ಕೆ ಇಳಿದಿದೆ. ಸಂಜೆ ಆರು ಹೊಡೆಯುವ ಮೊದಲೇ ಗೋಡೆಯ ಕಡೆ ಮಗ್ಗುಲು ತಿರುಗಿಸು ಎನ್ನುತ್ತಾನೆ. ಸೂರಿನ ಬಣ್ಣವನ್ನೂ ಈಗ ಬೈಯುವುದಿಲ್ಲ. ಹಡಗಿನವರು ಅವನ ಮಿಂಚಂಚೆಗೆ ಬರೆಯುತ್ತಲೇ ಇದ್ದಾರೆ: ‘ಕ್ಯಾಪ್ಟನ್, ಎಲ್ಲಿದ್ದೀರಿ? ಕಾಯುತ್ತಿದ್ದೇವೆ.’ ನಿಜ ಸಂಗತಿ ಬರೆಯಲೇ ಎಂದು ಅಕ್ಕ ಕೇಳಿದರೆ ಬೇಡವೆಂದ. ಹಾಸಿಗೆಯ ವಿಷಯ ತಿಳಿಯುವುದಕ್ಕಿಂತ, ಹೇಳದೆ ಕೇಳದೆ ಬಿಟ್ಟುಹೋದ ಅಂದುಕೊಳ್ಳಲಿ ಎಂದು ಅವನ ಹಟ. ಮೊನ್ನೆಯ ಪತ್ರದಲ್ಲಿ ಚುಕ್ಕಾಣಿಗೆ ಬೇರೊಬ್ಬನನ್ನು ನೋಡುತ್ತಿದ್ದೇವೆಂದು ಇತ್ತು. ಅಕ್ಕ ಅದನ್ನು ಅವನಿಗೆ ತೋರಿಸಿಲ್ಲ. ಎದುರು ಮನೆಯ ದಾದಿ, “ನಾನು ಸಾಯೋರನ್ನ ಕಂಡವಳು ಕಣಮ್ಮ, ಇದು ಕಾಯಿಲೆ ಅಲ್ಲ, ಅವನು ಬದುಕನ್ನೇ ಕೈಬಿಡ್ತಾ ಇದಾನೆ” ಎಂದು ಮೆಟ್ಟಿಲ ಬಳಿ ಅಕ್ಕನ ಕೈ ಹಿಡಿದು ಹೇಳಿದ್ದಾರೆ.

ತಮ್ಮ ಬೈಯುವುದು ಕಂಪನಿಯವರನ್ನು. ತಾವಾಗಿಯೇ ಕಂಡುಹಿಡಿದು ಮುಚ್ಚಿದರೆಂದು ಅವನ ತಿಳಿವಳಿಕೆ. ಬಾಗಿಲು ತೋರಿಸಿಕೊಟ್ಟವರು ಯಾರೆಂದು ಅವನಿಗೆ ಗೊತ್ತಿಲ್ಲ. ದಿನಾ ಅವನ ಬಾಯಿಗೆ ಚಮಚ ಹಿಡಿಯುವಾಗ ಅಕ್ಕ ಹೇಳಲು ಹೊರಡುತ್ತಾರೆ. “ನೀನಾದ್ರೂ ಇದ್ಯಲ್ಲ ಅಕ್ಕಾ” ಎನ್ನುತ್ತಾನೆ ಅವನು. ಅಕ್ಕ ಇನ್ನೊಂದು ಚಮಚ ಹಿಡಿಯುತ್ತಾರೆ.

ಇದನ್ನೆಲ್ಲ ಅಚ್ಚು ಹಾಕಬಹುದೇ ಎಂದು ಕೇಳಲೇಬೇಕಾಯಿತು. ವರದಿಯ ವಿಷಯ ಬಿಟ್ಟು, ಬಟ್ಟೆ ಒಗೆಯುವ ಅಕ್ಕ, ಆಟದ ಪರೀಕ್ಷೆ ಎಂದಷ್ಟೇ ಬರೆದರೂ ಪುಟ ತುಂಬುತ್ತದೆ. ಸೂಜಿ ಅಕ್ಕ ಕೈಯಲ್ಲಿದ್ದ ಹಾಸುಬಟ್ಟೆಯ ಅಂಚು ನೇರ ಮಾಡಿ ಉರುಳೆಗೆ ಕೊಡುತ್ತಾರೆ.

“ಬಿಡಬೇಡಿ, ನಾನು ಮಾಡಿದ್ದನ್ನ ಪೂರ್ತಿ ಹಾಕಿ. ವಾರದ ಪುರವಣಿ ಅವನಿಗೆ ನಾನೇ ಓದಿ ಹೇಳೋದು. ಮೊದಲಿಂದ ಕೊನೇವರೆಗೂ ಓದ್ಬೇಕು, ಒಂದು ಸಾಲು ಹಾರಿಸಿದ್ರೂ ನನ್ನ ದನಿಯಲ್ಲೇ ಕಂಡುಹಿಡೀತಾನೆ. ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ. ಓದೋದಾದ್ರೆ ಓದ್ತೀನಿ.”