ನೀರುಂಟಾ ಎಂದು ಅಪ್ಪ ಕೇಳಿದಾಗ

ನಾನು ಚಿಕ್ಕವಳಿದ್ದಾಗ ನನಗೊಂದು ಉದ್ಯೋಗವಿತ್ತು ಎಂದರೆ ನೀವು ನಗುತ್ತೀರಿ, ಮಕ್ಕಳೇ. ಒಂಬತ್ತು ವರ್ಷದ ನಾನು ಅಪ್ಪನ ದೋಣಿಯಲ್ಲಿ ಪೈಪು ನೋಡುವವಳು! ಬಂಟ್ವಾಳದ ಹೊಳೆಯಲ್ಲಿ ಅಪ್ಪ ಜನರನ್ನು ದಾಟಿಸುತ್ತಿದ್ದರು. ದೋಣಿಯ ಹೊಟ್ಟೆಯಲ್ಲಿ ಹಳೆಯದೊಂದು ಡೀಸೆಲ್ ಎಂಜಿನ್. ಅದು ಬಿಸಿಯೇರದಂತೆ ಒಂದು ಪೈಪು ಹೊಳೆಯ ನೀರನ್ನು ಹೀರುತ್ತಿತ್ತು, ಇನ್ನೊಂದು ಪೈಪು ಆ ನೀರನ್ನು ದೋಣಿಯ ಬದಿಯಿಂದ ಹೊರಗೆ ಉಗುಳುತ್ತಿತ್ತು. ಚುಕ್ಕಾಣಿ ಹಿಡಿದ ಅಪ್ಪನಿಗೆ ಅದು ಕಾಣುತ್ತಿರಲಿಲ್ಲ. ಅವರು "ನೀರುಂಟಾ?" ಎಂದು ಕೂಗಿದರೆ ನಾನು ಬಗ್ಗಿ ನೋಡಿ "ಉಂಟು!" ಎನ್ನಬೇಕು. ನನಗೋ ಜಂಬವೇ ಜಂಬ.

ಅದು ಮಾರ್ಚ್ ತಿಂಗಳು. ಹೊಳೆ ಇಳಿದಿತ್ತು, ನೀರಿನ ಜೊತೆ ಹೊಯ್ಗೆಯೂ ಪೈಪಿನೊಳಗೆ ಬರುತ್ತಿತ್ತು. ಒಂದು ಸಂಜೆ ಅಪ್ಪ ಆ ನೀರೆಳೆಯುವ ಪಂಪು ಬಿಚ್ಚಿ ಮರಳನ್ನೆಲ್ಲ ತೊಳೆದರು. ಒಳಗಿನ ರಬ್ಬರಿನ ಚಕ್ರದ ಅಂಚು ಸವೆದಿತ್ತು. "ಈ ಹೊಯ್ಗೆ ಇದನ್ನು ತಿಂದೇ ಹಾಕ್ತದೆ" ಎಂದು ಗೊಣಗಿದರು.

ಅಮ್ಮ ಮಣ್ಣಿ ಎಂಬ ಸಿಹಿತಿಂಡಿ ಮಾಡಲು ಅರೆದ ರಾಗಿಯನ್ನು ಬಟ್ಟೆಯಲ್ಲಿ ಸೋಸುವುದು ನನಗೆ ನೆನಪಾಯಿತು. ಆ ಬಟ್ಟೆಯನ್ನೇ ಮೆಲ್ಲನೆ ತಂದು, ನೀರು ಹೀರುವ ಪೈಪಿನ ಜಾಲರಿಗೆ ಎರಡು ಸುತ್ತು ಬಿಗಿದು ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಅಪ್ಪನೇ ಕಂಡು ಹೊಗಳಲಿ ಎಂಬ ಆಸೆ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಹತ್ತನೆಯ ತರಗತಿಯ ಪರೀಕ್ಷೆ. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅವಳೊಬ್ಬಳೇ. ಶಾಲೆ ಆಚೆ ದಡದಲ್ಲಿತ್ತು. ಎರಡನೆಯ ಗಂಟೆ ಹೊಡೆದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು.

ದೋಣಿ ಹೊರಟಿತು. "ನೀರುಂಟಾ?" "ಉಂಟು!" ಸ್ವಲ್ಪ ಹೊತ್ತಿಗೆ ಪೈಪಿನ ಧಾರೆ ಸಣ್ಣಗಾಯಿತು. ಆಮೇಲೆ ನೂಲಿನಷ್ಟಾಯಿತು. ಅಪ್ಪ ಮತ್ತೆ ಕೇಳಿದರು. ಇಲ್ಲ ಎಂದರೆ ಎಂಜಿನ್ ನಿಲ್ಲಿಸುತ್ತಾರೆ, ಅಕ್ಕನ ಪರೀಕ್ಷೆ ತಪ್ಪುತ್ತದೆ. ನೂಲಿನಷ್ಟಾದರೂ ಇದೆಯಲ್ಲ ಎಂದುಕೊಂಡು "ಉಂಟು" ಎಂದೆ.

ನಡು ಹೊಳೆಯಲ್ಲಿ ಬಣ್ಣ ಸುಟ್ಟ ವಾಸನೆ ಬಂತು, ಜೊತೆಗೆ ಬಿಳಿ ಹೊಗೆ. ಅಪ್ಪ ತಟ್ಟನೆ ಎಂಜಿನ್ ನಿಲ್ಲಿಸಿದರು. ದೋಣಿಯಲ್ಲಿದ್ದ ಒಬ್ಬರು ಗಡಿಬಿಡಿಯಿಂದ ನೀರು ಮೊಗೆದರು. ಅಪ್ಪ ಅವರ ಕೈ ಹಿಡಿದರು. "ಹೊಯ್ಯಬೇಡಿ ಮಾರಾಯ್ರೇ! ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಒಡೆದು ಹೋಗ್ತದೆ."

ಆಚೆ ದಡದಲ್ಲಿ ಮೊದಲನೆಯ ಗಂಟೆ ಹೊಡೆಯಿತು. ಅಕ್ಕ ಪೆನ್ನನ್ನು ಗಟ್ಟಿಯಾಗಿ ಹಿಡಿದು ಶಾಲೆಯ ಕಡೆ ನೋಡುತ್ತಿದ್ದಳು. ಅಪ್ಪ ಪಂಪು ತಿರುಗಿಸುವ ಬೆಲ್ಟು ಮುಟ್ಟಿ ನೋಡಿದರು, ಸರಿಯಿತ್ತು. ಪಂಪು ಬಿಚ್ಚಲು ಸ್ಪ್ಯಾನರ್ ತೆಗೆದರು. ಅದನ್ನು ಬಿಚ್ಚಿ ಕೂಡಿಸುವಷ್ಟರಲ್ಲಿ ಪರೀಕ್ಷೆಯೇ ಮುಗಿದೀತು! ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಜಾಲರಿಗೆ ನಾನು ಬಟ್ಟೆ ಕಟ್ಟಿದ್ದೇನೆ. ನೀವು ಕೇಳಿದಾಗಲೇ ನೀರು ಕಡಿಮೆಯಾಗಿತ್ತು" ಎಂದು ಅತ್ತುಬಿಟ್ಟೆ.

ಅಪ್ಪ ಬೈಯಲಿಲ್ಲ. ತೋಳನ್ನು ನೀರಿಗಿಳಿಸಿ ಬಟ್ಟೆಯನ್ನು ಕಿತ್ತರು. ಅದರ ಮೇಲೆ ಪಾಚಿ, ಕೆಸರು ದಪ್ಪಗೆ ಮೆತ್ತಿಕೊಂಡಿತ್ತು. ಎಂಜಿನ್ ತಣಿಯುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಅಪ್ಪ ಒಂದು ಕಡೆ, ಅಕ್ಕ ಇನ್ನೊಂದು ಕಡೆ ಬಿದಿರಿನ ಗಳ ಹಿಡಿದು ದೋಣಿಯನ್ನು ನೂಕಿದರು. ದಡ ಮುಟ್ಟಿದ್ದೇ ಅಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಯ್ಗೆಯ ಮೇಲೆ ಓಡಿದಳು. ಅವಳು ಶಾಲೆಯ ಮೆಟ್ಟಿಲು ಹತ್ತುವಾಗ ಎರಡನೆಯ ಗಂಟೆ ಹೊಡೆಯುತ್ತಿತ್ತು. ಬಾಗಿಲಲ್ಲಿದ್ದ ಮೇಷ್ಟ್ರು ಒಳಗೆ ಬಿಟ್ಟರು.

ವಾಪಸು ಹೊರಡುವಾಗ ನಾನು ಮೂಲೆಯಲ್ಲಿ ಮುದುಡಿ ಕೂತಿದ್ದೆ. ಇನ್ನು ನನ್ನ ಕೆಲಸ ಹೋಯಿತೆಂದೇ ಲೆಕ್ಕ. ಎಂಜಿನ್ ಶುರುವಾಯಿತು. ಅಪ್ಪ ನನ್ನ ಕಡೆಗೇ ತಿರುಗಿ, ಎಂದಿನ ಹಾಗೆಯೇ ಕೇಳಿದರು: "ನೀರುಂಟಾ?"

ಈಗ ನೀವು ಆ ಹೊಳೆಯನ್ನು ಸೇತುವೆಯ ಮೇಲೆ ಕಾರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ದಾಟುತ್ತೀರಿ. ಎಂಜಿನ್ ಬಿಸಿಯಾದರೆ ಕೆಂಪು ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಒಡೆದ ಗಾಜಿನ ಲೋಟವೊಂದು ನಿನ್ನೆಯಿಂದ ನಮ್ಮ ಅಡುಗೆಮನೆಯ ಅಕ್ಕಿಡಬ್ಬದ ಹಿಂದೆ ಅಡಗಿದೆ, ಅದಕ್ಕೆ ಯಾವ ದೀಪವೂ ಇಲ್ಲ. ಯಾರ ಕೆಲಸವೆಂದು ನಾನು ಕೇಳುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತಿರುತ್ತೇನೆ. ಹತ್ತಿರ ಬಂದವರನ್ನು "ನೀರುಂಟಾ?" ಎಂದಷ್ಟೇ ಕೇಳುತ್ತೇನೆ.